ಅರ್ಧ ಪ್ಲಾಸ್ಟರ್ ಹಾಕಿ ಕಳುಹಿಸಿದ್ದಾರೆ, ಇಷ್ಟು ಸಾಕೇ?

ಹೊಂಗೆನೆರಳು (ಸಂಜೆ 6.10)
ಎಲ್ಲರಿಗೂ ನಮಸ್ಕಾರ. ನನ್ನ 9 ವರ್ಷದ ಮಗಳು ಇಂದು ಬೆಳಿಗ್ಗೆ ಸೈಕಲ್‌ನಿಂದ ಬಿದ್ದು ಎಡಗೈ ಮುರಿದುಕೊಂಡಳು. ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ರೇಡಿಯಸ್ ಮೂಳೆ ಮುರಿದು ಬಾಗಿದೆ ಎಂದು ಎಕ್ಸ್‌ರೇ ನೋಡಿ ಹೇಳಿದರು. ನೋವು ಗೊತ್ತಾಗದಂತೆ ಔಷಧ ಕೊಟ್ಟು, ಎಳೆದು ಮೂಳೆ ಕೂರಿಸಿದರು. ಆಮೇಲೆ ಪ್ಲಾಸ್ಟರ್ ಹಾಕಿದರು, ಆದರೆ ಅರ್ಧ ಮಾತ್ರ. ಕೈಯ ಹಿಂಬದಿಗೆ ತೋಳಿನಿಂದ ಅಂಗೈವರೆಗೆ ಒಂದು ಗಟ್ಟಿ ಪಟ್ಟಿ ಇದೆ, ಅದರ ಮೇಲೆ ಬಟ್ಟೆಯ ಬ್ಯಾಂಡೇಜ್ ಸುತ್ತಿದ್ದಾರೆ. ಒಂದು ವಾರ ಬಿಟ್ಟು ಬನ್ನಿ, ಪೂರ್ತಿ ಹಾಕುತ್ತೇವೆ ಎಂದರು. ಕೇಳಲು ಬಹಳ ಪ್ರಶ್ನೆಗಳಿದ್ದವು, ಅಲ್ಲಿ ಜನಜಂಗುಳಿ.

ಅರ್ಧ ಪ್ಲಾಸ್ಟರ್ ಮೂಳೆಯನ್ನು ಹಿಡಿದಿಡುತ್ತದೆಯೇ? ಇನ್ನೂ ಬಿಗಿಯಾಗಿ ಹಾಕಬೇಕಿತ್ತೇ? ಪೂರ್ತಿ ಹಾಕುವಾಗ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಒಳ್ಳೆಯದೋ ಫೈಬರ್ (ಫೈಬರ್‌ಗ್ಲಾಸ್) ಒಳ್ಳೆಯದೋ? ತಿಳಿದವರು ದಯವಿಟ್ಟು ಹೇಳಿ.

ಹಾದಿಹೋಕ
ಸರಿಯಾಗಿಯೇ ಮಾಡಿದ್ದಾರೆ. ಊತ ಇಳಿಯುವವರೆಗೆ ಪೂರ್ತಿ ಸುತ್ತುವುದಿಲ್ಲ. ಮಗು ಬೇಗ ಗುಣವಾಗಲಿ.

ಗಟ್ಟಿಮಾತು
ನನಗೆ ಇದು ಸರಿ ಕಾಣುತ್ತಿಲ್ಲ. ಕೂರಿಸಿದ ಮೂಳೆ ಅಲುಗದಂತೆ ಹಿಡಿಯುವುದೇ ಪ್ಲಾಸ್ಟರ್‌ನ ಕೆಲಸ. ಒಂದು ಬದಿಗೆ ಹಾಕಿದರೆ ಇನ್ನೊಂದು ಬದಿಯನ್ನು ಹಿಡಿಯುವುದು ಯಾವುದು? ನನ್ನ ತಮ್ಮನಿಗೂ ಹೀಗೆಯೇ ಅರ್ಧ ಹಾಕಿ ಕಳುಹಿಸಿದ್ದರು. ಮುಂದಿನ ವಾರದ ಎಕ್ಸ್‌ರೇಯಲ್ಲಿ ಮೂಳೆ ಮತ್ತೆ ಬಾಗಿತ್ತು, ಇನ್ನೊಮ್ಮೆ ಎಳೆದು ಕೂರಿಸಬೇಕಾಯಿತು. ಆ ಹುಡುಗ ಪಟ್ಟ ಪಾಡು ನೋಡಿದ್ದೇನೆ. ಮೊದಲ ದಿನವೇ ಪೂರ್ತಿ ಹಾಕಿ, ಬಿಗಿಯಾಗಿ ಹಾಕಿ ಎಂದು ಕೇಳಿ ಹಾಕಿಸಿಕೊಳ್ಳಬೇಕು.

ಬಿಳಿಪಟ್ಟಿ
ಪ್ಲಾಸ್ಟರ್ ಕೋಣೆಯಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುವವನು ನಾನು. ಗಟ್ಟಿಮಾತು ಅವರೇ, ತಮ್ಮನ ನೋವು ಅರ್ಥವಾಗುತ್ತದೆ. ಆದರೆ "ಬಿಗಿಯಾಗಿ" ಎಂಬ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ಪ್ಲಾಸ್ಟರ್ ಬಗ್ಗೆ ಜನರಲ್ಲಿರುವ ಅತ್ಯಂತ ಅಪಾಯದ ತಿಳಿವಳಿಕೆ ಅದು.

ಮುರಿದ ಕೈ ಮೊದಲ ಎರಡು ಮೂರು ದಿನ ಊದುತ್ತಲೇ ಹೋಗುತ್ತದೆ. ಸುತ್ತಲೂ ಗಟ್ಟಿ ಕವಚ ಹಾಕಿಬಿಟ್ಟರೆ ಊತಕ್ಕೆ ಹೊರಗೆ ಜಾಗವಿಲ್ಲ, ಒತ್ತಡವೆಲ್ಲ ಒಳಗಿನ ಸ್ನಾಯು, ನರ, ರಕ್ತನಾಳಗಳ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಮೊದಲು ಸ್ಲ್ಯಾಬ್, ಅಂದರೆ ಈ ಅರ್ಧ ಪ್ಲಾಸ್ಟರ್ ಹಾಕುವುದು. ಪಿಒಪಿ ಪಟ್ಟಿಯನ್ನು 8ರಿಂದ 10 ಪದರ ಮಡಿಸಿ, ನೆನೆಸಿ, ಕೈಯ ಒಂದು ಬದಿಗೆ ಕೂರಿಸಿ, ಮೇಲೆ ಬ್ಯಾಂಡೇಜ್ ಸುತ್ತುತ್ತೇವೆ. ತೆರೆದಿರುವ ಬದಿಯಲ್ಲಿ ಊತಕ್ಕೆ ಸ್ವಲ್ಪ ಎಡೆ ಸಿಗುತ್ತದೆ.

ಮೂಳೆ ಕೂರಿಸಿದ ಕೂಡಲೇ ಪೂರ್ತಿ ಪ್ಲಾಸ್ಟರ್ ಹಾಕುವ ವೈದ್ಯರೂ ಇದ್ದಾರೆ, ಅದೂ ಒಪ್ಪಿತ ವಿಧಾನವೇ. ಹಾಗೆ ಹಾಕಿದಾಗ ಎಷ್ಟೋ ಕಡೆ ಅದನ್ನು ಉದ್ದಕ್ಕೆ ಸೀಳಿ ಸ್ವಲ್ಪ ಅಗಲಿಸಿ ಬಿಡುತ್ತಾರೆ. ಯಾವುದನ್ನು ಹಾಕಬೇಕೆಂಬುದು ಮುರಿತದ ಬಗೆ, ಊತದ ಪ್ರಮಾಣ ಮತ್ತು ರೋಗಿ ಎಷ್ಟು ಬೇಗ ಮರಳಿ ಬರಬಲ್ಲ ಎಂಬುದರ ಮೇಲೆ ನಿಂತಿದೆ.

ಗಟ್ಟಿಮಾತು
ಊತ ಇಳಿದ ಮೇಲೆ ಸಡಿಲವಾಗುತ್ತದಲ್ಲ? ಆಗ ಮೂಳೆ ಜಾರುವುದಿಲ್ಲವೇ? ಬಿಗಿ ಬೇಡ ಎಂದರೆ ಹಿಡಿಯುವುದು ಹೇಗೆ? ಇದಕ್ಕೆ ಉತ್ತರ ಕೊಡಿ.

ಮೂಳೆವೈದ್ಯೆ
ಒಳ್ಳೆಯ ಪ್ರಶ್ನೆ. ಪ್ಲಾಸ್ಟರ್ ಹಿಡಿಯುವುದು ಆಕಾರದಿಂದ. ಅದು ಗಟ್ಟಿಯಾಗುವ ಮೊದಲಿನ ಕೆಲವೇ ನಿಮಿಷಗಳಲ್ಲಿ ವೈದ್ಯರು ಅಂಗೈಗಳಿಂದ ಅದನ್ನು ಒತ್ತಿ ರೂಪಿಸುತ್ತಾರೆ. ಮುರಿದ ಜಾಗದ ಒಂದು ಬದಿಯಿಂದ ಒಂದು ಒತ್ತು, ಎದುರು ಬದಿಯಲ್ಲಿ ಅದರ ಮೇಲಕ್ಕೆ ಒಂದು, ಕೆಳಕ್ಕೆ ಇನ್ನೊಂದು. ಹೀಗೆ ಮೂರು ಕಡೆ ಒತ್ತು ಕೊಟ್ಟಾಗ ಮೂಳೆ ಮತ್ತೆ ಬಾಗಲು ಹೊರಟರೂ ಪ್ಲಾಸ್ಟರ್ ತಡೆಯುತ್ತದೆ. ಆದ್ದರಿಂದ ಚೆನ್ನಾಗಿ ಹಾಕಿದ ಪ್ಲಾಸ್ಟರ್ ಹೊರಗಿನಿಂದ ಕೊಂಚ ಸೊಟ್ಟಗೆ ಕಾಣಬಹುದು. ನೋಡಲು ನೀಟಾಗಿ ಕೊಳವೆಯ ಆಕಾರದಲ್ಲಿರುವುದೇ ಎಷ್ಟೋ ಸಲ ಕೆಟ್ಟ ಪ್ಲಾಸ್ಟರ್.

ಮುಂಗೈಯ ಅಡ್ಡಸೀಳಿಕೆ ದುಂಡಗಿಲ್ಲ, ಚಪ್ಪಟೆ ಅಂಡಾಕಾರದ್ದು. ಪ್ಲಾಸ್ಟರ್ ಕೂಡ ಹಾಗೆಯೇ ಚಪ್ಪಟೆಯಾಗಿ ಕೂರಬೇಕು. ಇದನ್ನು ಅಳೆಯಲು ಒಂದು ಲೆಕ್ಕವೇ ಇದೆ. ಮುರಿದ ಜಾಗದಲ್ಲಿ, ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕಾಣುವ ಪ್ಲಾಸ್ಟರ್‌ನ ಒಳ ಅಗಲವನ್ನು ಎದುರಿನಿಂದ ತೆಗೆದದ್ದರಲ್ಲಿ ಕಾಣುವ ಒಳ ಅಗಲದಿಂದ ಭಾಗಿಸುತ್ತೇವೆ. ಅದು 0.8ಕ್ಕಿಂತ ಹೆಚ್ಚಿದ್ದರೆ ಮೂಳೆ ಮತ್ತೆ ಜಾರುವ ಸಾಧ್ಯತೆ ಹೆಚ್ಚು. ನಿಮ್ಮ ತಮ್ಮನ ಮೂಳೆ ಜಾರಿದ್ದಕ್ಕೆ ಕಾರಣ ಆಕಾರ ಸರಿ ಕೂರದಿರುವುದೂ ಇರಬಹುದು, ಮುರಿತವೇ ಅಸ್ಥಿರವಾಗಿದ್ದಿರಲೂಬಹುದು. ಎಕ್ಸ್‌ರೇ ನೋಡದೆ ಅರ್ಧ ಪ್ಲಾಸ್ಟರ್ ಮೇಲೆ ಹೊಣೆ ಹೊರಿಸಲಾಗದು.

ಸಡಿಲವಾಗುವ ಮಾತು ನಿಜ. ಅದಕ್ಕಾಗಿಯೇ ಮೊದಲ ಮತ್ತು ಎರಡನೆಯ ವಾರ ಎಕ್ಸ್‌ರೇಗೆ ಕರೆಯುತ್ತೇವೆ. ನೋವಿಲ್ಲವೆಂದು ಜನ ತಪ್ಪಿಸುವುದೂ ಅದನ್ನೇ.

ನದಿದಂಡೆ
ನಡುವೆ ಒಂದು ಪ್ರಶ್ನೆ. ನನಗೆ ಪಿಒಪಿ ಹಾಕಿದಾಗ ಕೈ ಸುಡುವಷ್ಟು ಬಿಸಿಯಾಗಿತ್ತು. ಕೂಗಿಕೊಂಡೆ, ಹಾಗೆಯೇ ಆಗುತ್ತದೆ ಎಂದರು. ನಿಜವೇ?

ಬಿಳಿಪಟ್ಟಿ
ಬೆಚ್ಚಗಾಗುವುದು ಸಹಜ, ಸುಡುವುದು ಸಹಜವಲ್ಲ. ಪಿಒಪಿ ಎಂದರೆ ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರೊಳಗಿನ ನೀರಿನ ಬಹುಪಾಲನ್ನು ಹೊರಹಾಕಿದ ಪುಡಿ. ನೀರು ಸೇರಿದೊಡನೆ ಅದು ಮತ್ತೆ ಜಿಪ್ಸಮ್ ಆಗುತ್ತದೆ, ಆ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ. ನೆನೆಸುವ ನೀರು ಬಿಸಿಯಿದ್ದರೆ, ಪದರಗಳು ಅತಿಯಾಗಿ ದಪ್ಪವಿದ್ದರೆ, ಗಟ್ಟಿಯಾಗುವ ಹೊತ್ತಿನಲ್ಲಿ ಕೈಯನ್ನು ದಿಂಬಿನ ಮೇಲಿಟ್ಟರೆ ಅಥವಾ ಹೊದಿಕೆ ಹೊದಿಸಿದರೆ ಶಾಖ ಒಳಗೇ ನಿಂತು ಚರ್ಮ ಸುಡಬಹುದು. ನೀರು 24 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. ಬೇಗ ಗಟ್ಟಿಯಾಗಲಿ ಎಂದು ಬಿಸಿನೀರು ಬಳಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಬಿಸಿನೀರಿನಲ್ಲಿ ಅದು ಎಷ್ಟು ಬೇಗ ಬಿಗಿದುಕೊಳ್ಳುತ್ತದೆ ಎಂದರೆ ಆಕಾರ ಕೊಡಲೂ ಸಮಯ ಸಿಗುವುದಿಲ್ಲ.

ಸುಡುತ್ತಿದೆ ಎಂದು ರೋಗಿ ಹೇಳಿದರೆ ಅಲ್ಲಿಯೇ ತೆಗೆಯಬೇಕು.

ಓದುಗಮಿತ್ರ
ಇದರ ಇತಿಹಾಸವೂ ಸೊಗಸಾಗಿದೆ, ಹೇಳದೆ ಇರಲಾರೆ. ಪಿಒಪಿ ಬರುವ ಮೊದಲು ಗಂಜಿ ಹಚ್ಚಿದ ಪಟ್ಟಿಗಳನ್ನು ಸುತ್ತುತ್ತಿದ್ದರು, ಅವು ಒಣಗಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಷ್ಟರಲ್ಲಿ ಮೂಳೆ ಜರುಗುತ್ತಿತ್ತು. 1851ರಲ್ಲಿ ಆಂಟೋನಿಯಸ್ ಮ್ಯಾಥೈಸನ್ ಎಂಬ ಡಚ್ ಸೇನಾ ವೈದ್ಯ ಬಟ್ಟೆಯ ಪಟ್ಟಿಗೆ ಪಿಒಪಿ ಪುಡಿಯನ್ನು ತಿಕ್ಕಿ ಇಟ್ಟುಕೊಂಡು, ಬೇಕಾದಾಗ ನೆನೆಸಿ ಸುತ್ತುವ ವಿಧಾನ ಕಂಡುಕೊಂಡ. ನಿಮಿಷಗಳಲ್ಲಿ ಗಟ್ಟಿ! ಅದೇ ದಶಕದ ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೋವ್ ಗಾಯಾಳು ಸೈನಿಕರಿಗೆ ಪ್ಲಾಸ್ಟರ್ ಪಟ್ಟಿಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ. ಕೈಕಾಲು ಕತ್ತರಿಸುವುದೇ ಚಿಕಿತ್ಸೆಯಾಗಿದ್ದ ಕಾಲ ಅದು.

ಗಟ್ಟಿಮಾತು
ಆ ಯುದ್ಧದ ಸೈನಿಕರಿಗೂ ಮೊದಲ ದಿನವೇ ಪೂರ್ತಿ ಹಾಕಿದ್ದರಲ್ಲ?

ಓದುಗಮಿತ್ರ
ಅಲ್ಲಿಂದ ಗಾಡಿಯಲ್ಲಿ ದೂರದ ಆಸ್ಪತ್ರೆಗೆ ಸಾಗಿಸಬೇಕಿತ್ತು ಸರ್. ಆ ಅನಿವಾರ್ಯತೆ ಬೇರೆ, ಈ ಮಗುವಿನದು ಬೇರೆ.

ಹಾದಿಹೋಕ
ಯುದ್ಧ ಸಾಕು, ಮಗುವಿನ ವಿಷಯಕ್ಕೆ ಬನ್ನಿ.

ಹೊಂಗೆನೆರಳು (ರಾತ್ರಿ 11.20)
ಯಾರಾದರೂ ಎಚ್ಚರವಿದ್ದೀರಾ? ಮಗಳು ಒಂದೇ ಸಮ ಅಳುತ್ತಿದ್ದಾಳೆ. ಸಂಜೆ ಇಷ್ಟು ನೋವಿರಲಿಲ್ಲ. ನೋವಿನ ಔಷಧ ಕೊಟ್ಟೆ, ಕಡಿಮೆಯಾಗಲಿಲ್ಲ. ಬೆರಳುಗಳು ಊದಿಕೊಂಡಿವೆ, ಆದರೆ ಬಣ್ಣ ಗುಲಾಬಿಯೇ ಇದೆ. ಬೆಳಿಗ್ಗೆವರೆಗೆ ಕಾಯಬಹುದೇ?

ಗಟ್ಟಿಮಾತು
ಮೊದಲ ರಾತ್ರಿ ನೋವು ಇದ್ದೇ ಇರುತ್ತದೆ ಅಮ್ಮ. ಬೆರಳು ಗುಲಾಬಿ ಬಣ್ಣದಲ್ಲಿದ್ದರೆ ರಕ್ತ ಹರಿಯುತ್ತಿದೆ ಎಂದೇ ಅರ್ಥ. ಮಗುವನ್ನು ರಾತ್ರಿ ಅಲೆದಾಡಿಸಬೇಡಿ.

ಮೂಳೆವೈದ್ಯೆ
ಕಾಯಬೇಡಿ. ಈಗಲೇ ಹೊರಡಿ. ಗಟ್ಟಿಮಾತು ಅವರೇ, ಈ ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ.

ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದ ಮೇಲೆ ನೋವು ಗಂಟೆಗಂಟೆಗೆ ಇಳಿಯಬೇಕು. ಏರುತ್ತಿದ್ದರೆ, ಔಷಧಕ್ಕೂ ಬಗ್ಗದಿದ್ದರೆ, ಮಗು ಚಡಪಡಿಸುತ್ತಿದ್ದರೆ ಒಳಗೆ ಒತ್ತಡ ಹೆಚ್ಚುತ್ತಿದೆ ಎಂದು ಅನುಮಾನಿಸಲೇಬೇಕು. ಇದನ್ನು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತೇವೆ. ಬೆರಳ ಬಣ್ಣ ಚೆನ್ನಾಗಿರುವುದು, ನಾಡಿ ಸಿಗುವುದು ಭರವಸೆಯ ಲಕ್ಷಣಗಳಲ್ಲ. ಬಣ್ಣ ಕೆಡುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ನೀವೇ ಮೆಲ್ಲನೆ ಅವಳ ಬೆರಳುಗಳನ್ನು ನೀಳವಾಗಿ ಬಿಡಿಸಿ ನೋಡಿ. ಆಗ ಮುಂಗೈಯಲ್ಲಿ ಜೀವ ಹೋಗುವಂತೆ ನೋವು ಬಂದರೆ ಅನುಮಾನ ಇನ್ನೂ ಗಟ್ಟಿ. ಬರದಿದ್ದರೂ ಹೋಗಿ.

ದಾರಿಯಲ್ಲಿ ಕೈ ಎದೆಯ ಮಟ್ಟದಲ್ಲಿರಲಿ, ಅದಕ್ಕಿಂತ ಎತ್ತರ ಬೇಡ. ಅರಿವಳಿಕೆ ಕೊಡಬೇಕಾಗಬಹುದು, ತಿನ್ನಲು ಕುಡಿಯಲು ಏನೂ ಕೊಡಬೇಡಿ.

ಬಿಳಿಪಟ್ಟಿ
ಅಲ್ಲಿ "ನೋವು ಹೆಚ್ಚುತ್ತಿದೆ, ಬ್ಯಾಂಡೇಜ್ ಕತ್ತರಿಸಿ ನೋಡಿ" ಎಂದೇ ಹೇಳಿ. ಬ್ಯಾಂಡೇಜನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಉದ್ದಕ್ಕೆ ಕತ್ತರಿಸಬೇಕು. ಮೇಲಿನದನ್ನು ಮಾತ್ರ ಬಿಚ್ಚಿ ಹತ್ತಿಯನ್ನು ಹಾಗೆಯೇ ಬಿಟ್ಟರೆ ಸಾಲದು.

ಹೊಂಗೆನೆರಳು
ಹೊರಟೆವು.

ಗಟ್ಟಿಮಾತು
ಹೋಗಿ ಬರಲಿ. ಆದರೆ ಪ್ರತಿ ನೋವಿಗೂ ಹೀಗೆ ಹೆದರಿಸಿದರೆ ಜನ ಪ್ಲಾಸ್ಟರ್ ಹಾಕಿಸಿಕೊಳ್ಳಲೇ ಅಂಜುತ್ತಾರೆ ಡಾಕ್ಟರ್.

ಮೂಳೆವೈದ್ಯೆ
ಅಂಜಿ ಆಸ್ಪತ್ರೆಗೆ ಹೋದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಏನೂ ಇಲ್ಲವೆಂದು ತಿಳಿದರೂ ನನಗೆ ಸಂತೋಷವೇ. ರಕ್ತ ಸಿಗದ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಸತ್ತ ಸ್ನಾಯು ಕುಗ್ಗಿ ನಾರಾಗಿ, ಮಣಿಕಟ್ಟು ಮಡಿಸಿ, ಬೆರಳುಗಳು ಅಂಗೈ ಕಡೆಗೆ ಬಾಗಿ ಸೆಟೆದು ನಿಲ್ಲುತ್ತವೆ. ಜರ್ಮನಿಯ ರಿಚರ್ಡ್ ಫೋಕ್‌ಮನ್ ಇದನ್ನು ವಿವರಿಸಿದ್ದು 1881ರಲ್ಲಿ, ಬಿಗಿಯಾದ ಪಟ್ಟಿಗಳಿಂದ ಹೀಗಾಗುತ್ತದೆ ಎಂದು ಅಂದೇ ಹೇಳಿದ್ದ. ಅಂತಹ ಕೈಯೊಂದನ್ನು ಹೊರರೋಗಿ ವಿಭಾಗದಲ್ಲಿ ನೋಡಿದ್ದೇನೆ. ಆ ಹುಡುಗನಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಮನೆಯವರು ಎರಡು ದಿನ "ಸಹಿಸಿಕೋ" ಎಂದಿದ್ದರು.

ಹೊಂಗೆನೆರಳು (ಬೆಳಿಗ್ಗೆ 7.45)
ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಹೋದೊಡನೆ ಬ್ಯಾಂಡೇಜ್, ಹತ್ತಿ ಎಲ್ಲವನ್ನೂ ಉದ್ದಕ್ಕೆ ಕತ್ತರಿಸಿ ಅಗಲಿಸಿದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಬೆರಳು ಬಿಡಿಸಿ ನೋಡಿದರು, ಜೋಮು ಇದೆಯೇ ಎಂದು ಮುಟ್ಟಿ ಕೇಳಿದರು. ಬೆಳಗಿನವರೆಗೆ ಇರಿಸಿಕೊಂಡು ಪದೇ ಪದೇ ಪರೀಕ್ಷಿಸಿ, ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಸಡಿಲವಾಗಿ ಮತ್ತೆ ಸುತ್ತಿ ಕಳುಹಿಸಿದ್ದಾರೆ. ಈಗ ನಿದ್ದೆ ಮಾಡುತ್ತಿದ್ದಾಳೆ. ಎಕ್ಸ್‌ರೇಯಲ್ಲಿ ಮೂಳೆ ಕೂರಿಸಿದ ಹಾಗೆಯೇ ಇದೆಯಂತೆ.

ಹಾದಿಹೋಕ
ಅಬ್ಬಾ. ರಾತ್ರಿಯೆಲ್ಲ ಇದೇ ಯೋಚನೆಯಾಗಿತ್ತು.

ಗಟ್ಟಿಮಾತು
ಮಗು ಚೆನ್ನಾಗಿದೆ ಎಂದು ಕೇಳಿ ಸಮಾಧಾನವಾಯಿತು. ಆದರೆ ಬಿಳಿಪಟ್ಟಿಯವರೇ, ಊತಕ್ಕೆ ಎಡೆಯಿರಲೆಂದೇ ಅರ್ಧ ಹಾಕುವುದು ಎಂದಿರಿ. ಹಾಗಾದರೆ ಅರ್ಧದಲ್ಲೂ ಬಿಗಿಯಾದದ್ದು ಹೇಗೆ?

ಬಿಳಿಪಟ್ಟಿ
ಸ್ಲ್ಯಾಬ್ ಹಾಕಿದ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪುವುದಿಲ್ಲ. ಅದರ ಮೇಲಿನ ಬ್ಯಾಂಡೇಜನ್ನು ಎಳೆದೆಳೆದು ಸುತ್ತಿದರೆ ಅದೂ ಬಿಗಿಯುತ್ತದೆ. ಮೊಣಕೈ ಮಡಿಕೆಯಲ್ಲಿ ಇನ್ನೊಂದು ತೊಂದರೆ ಇದೆ. ಕೈ ನೀಳವಾಗಿರುವಾಗ ಹತ್ತಿ ಸುತ್ತಿ ಆಮೇಲೆ ಮೊಣಕೈ ಮಡಿಸಿದರೆ ಹತ್ತಿ ಮಡಿಕೆಯಲ್ಲಿ ಗುಪ್ಪೆಯಾಗಿ ರಕ್ತನಾಳವನ್ನು ಒತ್ತುತ್ತದೆ. ಮೊದಲು ಮೊಣಕೈಯನ್ನು ಬೇಕಾದ ಕೋನಕ್ಕೆ ತಂದು ಆಮೇಲೆ ಸುತ್ತಬೇಕು. ಈ ಮಗುವಿನ ವಿಷಯದಲ್ಲಿ ಏನಾಯಿತೆಂದು ನೋಡದೆ ಹೇಳಲಾರೆ.

ಹೊಂಗೆನೆರಳು
ಮುಂದಿನ ವಾರ ಪೂರ್ತಿ ಪ್ಲಾಸ್ಟರ್ ಹಾಕುತ್ತಾರೆ. ಅವಳಿಗೆ ಈಗಲೇ ಭಯ ಶುರುವಾಗಿದೆ. ಏನೇನು ಮಾಡುತ್ತಾರೆ ಎಂದು ಮೊದಲೇ ತಿಳಿದರೆ ಅವಳಿಗೆ ವಿವರಿಸಿ ಧೈರ್ಯ ಹೇಳಬಹುದು. ನಾನೂ ಗಮನಿಸಬಹುದು.

ಬಿಳಿಪಟ್ಟಿ
ಖಂಡಿತ ಹೇಳುತ್ತೇನೆ ಮೇಡಂ. ಮಗುವಿಗೆ ಮೊದಲೇ ಹೇಳುವುದು ಬಹಳ ಒಳ್ಳೆಯದು, ನಾನು ಕೆಲವೊಮ್ಮೆ ಗೊಂಬೆಯ ಕೈಗೆ ಹಾಕಿ ತೋರಿಸುತ್ತೇನೆ.

ಮೊದಲು ಉಂಗುರ, ಬಳೆ ಏನಿದ್ದರೂ ತೆಗೆಸುತ್ತೇವೆ. ಚರ್ಮದಲ್ಲಿ ಗಾಯ, ಗುಳ್ಳೆ ಇವೆಯೇ ನೋಡುತ್ತೇವೆ. ಬೆರಳಿನ ಚಲನೆ, ಸ್ಪರ್ಶ, ರಕ್ತಸಂಚಾರ ಪರೀಕ್ಷಿಸಿ ಬರೆದಿಡುತ್ತೇವೆ. ಹಾಕುವ ಮೊದಲು ನೋಡದಿದ್ದರೆ ಆಮೇಲೆ ಏನಾದರೂ ವ್ಯತ್ಯಾಸವಾದಾಗ ಪ್ಲಾಸ್ಟರ್‌ನಿಂದ ಆಯಿತೋ ಮೊದಲೇ ಇತ್ತೋ ತಿಳಿಯುವುದಿಲ್ಲ.

ನಂತರ ಕಾಲುಚೀಲದ ಬಟ್ಟೆಯ ಹಾಗಿರುವ ಮೃದುವಾದ ಸ್ಟಾಕಿನೆಟ್ ಎಳೆದು, ಅದರ ಮೇಲೆ ಹತ್ತಿಯ ಸುರುಳಿಯನ್ನು ಒಂದು ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಎರಡು ಮೂರು ಪದರ ಸುತ್ತುತ್ತೇವೆ. ಮಣಿಕಟ್ಟಿನ ಕಿರುಬೆರಳ ಬದಿಯ ಗುಬುಟು, ಮೊಣಕೈ ತುದಿ, ಅದರ ಎರಡು ಪಕ್ಕದ ಮೂಳೆಗಳ ಮೇಲೆ ಹೆಚ್ಚುವರಿ ಹತ್ತಿ ಬೇಕು. ಅಲ್ಲಿ ಚರ್ಮದ ಕೆಳಗೇ ಮೂಳೆ ಇರುವುದರಿಂದ ಬೇಗ ಹುಣ್ಣಾಗುತ್ತದೆ. ಹಾಗೆಂದು ಎಲ್ಲ ಕಡೆ ದಪ್ಪ ಹತ್ತಿ ತುಂಬಿದರೆ ಅದು ಕುಗ್ಗಿದಾಗ ಪ್ಲಾಸ್ಟರ್ ಸಡಿಲವಾಗಿ ಮೂಳೆ ಜಾರುತ್ತದೆ. ಈ ಹದ ಕೈಗೆ ಹತ್ತಲು ವರ್ಷಗಳು ಬೇಕು.

ಪಿಒಪಿಯಾದರೆ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆದು, ಎರಡೂ ತುದಿ ಹಿಡಿದು ಮೆಲ್ಲಗೆ ಅದುಮುತ್ತೇವೆ. ಬಟ್ಟೆ ಹಿಂಡಿದಂತೆ ಹಿಂಡಿದರೆ ಪುಡಿಯೆಲ್ಲ ನೀರಿನ ಪಾಲು. ಸುರುಳಿಯನ್ನು ಎಳೆಯದೆ ಕೈಯ ಮೇಲೆ ಉರುಳಿಸುತ್ತ ಹೋಗಬೇಕು. ಪ್ರತಿ ಪದರವನ್ನೂ ಅಂಗೈಯಿಂದ ಸವರಿದರೆ ಎಲ್ಲವೂ ಬೆಸೆದು ಒಂದಾಗುತ್ತವೆ, ಇಲ್ಲದಿದ್ದರೆ ಪದರ ಪದರವಾಗಿ ಬಿಡುತ್ತವೆ. ಬೆರಳ ತುದಿಯಿಂದ ಒತ್ತಬಾರದು. ಒತ್ತಿದಲ್ಲಿ ಒಳಗೆ ಗುಳಿ ಬಿದ್ದು, ಆ ಗುಳಿಯೇ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಅದೇ ಕಾರಣಕ್ಕೆ ಹಸಿ ಪ್ಲಾಸ್ಟರನ್ನು ಮೇಜಿನ ಅಂಚಿನ ಮೇಲೆ ಇಡಬಾರದು.

ಗಟ್ಟಿಯಾಗುವಾಗ ಒಬ್ಬರು ಕೈಯನ್ನು ಅಲುಗದಂತೆ ಹಿಡಿದಿರುತ್ತಾರೆ. ಮಗಳಿಗೆ ಇದೊಂದನ್ನು ಹೇಳಿಕೊಡಿ, ಆ ಐದಾರು ನಿಮಿಷ ಕೈ ಅಲ್ಲಾಡಿಸಬಾರದು. ಮೊಣಕೈ ಸೇರಿಸಿ ಹಾಕುವುದಾದರೆ ಸಾಮಾನ್ಯವಾಗಿ 90 ಡಿಗ್ರಿ ಮಡಿಸಿರುತ್ತಾರೆ. ಕೊನೆಗೆ ಸ್ಟಾಕಿನೆಟ್ ಅಂಚನ್ನು ಹೊರಕ್ಕೆ ಮಡಚಿ ಮುಗಿಸುತ್ತೇವೆ, ಅಂಚು ಚುಚ್ಚುವುದಿಲ್ಲ.

ನೀವು ಗಮನಿಸಬೇಕಾದದ್ದು ಅಂಗೈ ಬದಿಯ ಅಂಚು. ಬೆರಳಿನ ಬುಡದ ಗೆಣ್ಣುಗಳು ಪೂರ್ತಿ ಮಡಿಯುವಂತೆ ಅದು ಅಂಗೈ ಗೆರೆಯ ಹಿಂದೆಯೇ ನಿಲ್ಲಬೇಕು. ಹೆಬ್ಬೆರಳು ಕಿರುಬೆರಳನ್ನು ಮುಟ್ಟುವಂತಿರಬೇಕು. ಆಗದಿದ್ದರೆ ಹೊರಡುವ ಮೊದಲೇ ಹೇಳಿ, ಅಂಚು ಕತ್ತರಿಸಿ ಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ತುಂತುರು
ಇಷ್ಟು ವಿವರವಾಗಿ ನನಗೆ ಯಾರೂ ಹೇಳಿರಲಿಲ್ಲ. ಬೆರಳ ಗೆಣ್ಣು ಮುಚ್ಚುವಂತೆ ಹಾಕಿದ್ದರು, ಪ್ಲಾಸ್ಟರ್ ತೆಗೆದ ಮೇಲೆ ಮುಷ್ಟಿ ಹಿಡಿಯಲು ತಿಂಗಳುಗಟ್ಟಲೆ ಒದ್ದಾಡಿದೆ.

ಗಟ್ಟಿಮಾತು
ಪಿಒಪಿ, ಫೈಬರ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಫೈಬರ್ ಹಾಕಿಸಿ. ಹಗುರ, ಗಟ್ಟಿ, ನೀರು ಬಿದ್ದರೂ ಚಿಂತೆಯಿಲ್ಲ.

ಮೂಳೆವೈದ್ಯೆ
ಹಗುರ, ಗಟ್ಟಿ ಎರಡನ್ನೂ ಒಪ್ಪುತ್ತೇನೆ. ಎಕ್ಸ್‌ರೇಯಲ್ಲೂ ಅದರ ಮೂಲಕ ಮೂಳೆ ಸ್ಪಷ್ಟವಾಗಿ ಕಾಣುತ್ತದೆ. ಪಿಒಪಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದರೂ ಪೂರ್ತಿ ಒಣಗಲು ಒಂದರಿಂದ ಮೂರು ದಿನ ಬೇಕು, ಫೈಬರ್ ಅರ್ಧ ಗಂಟೆಯೊಳಗೆ ಪೂರ್ಣ ಬಲ ಪಡೆಯುತ್ತದೆ. ಆದರೆ ಪಿಒಪಿಗೆ ಬೇಕಾದ ಆಕಾರ ಕೊಡುವುದು ಸುಲಭ. ಆದ್ದರಿಂದ ಆಗಷ್ಟೇ ಕೂರಿಸಿದ, ಜಾರುವ ಸಂಭವವಿರುವ ಮುರಿತಕ್ಕೆ ನಾನು ಇಂದಿಗೂ ಪಿಒಪಿಯನ್ನೇ ಆರಿಸುತ್ತೇನೆ. ಊತ ಇಳಿದು ಮೂಳೆ ಸ್ವಲ್ಪ ಅಂಟಿದ ಮೇಲೆ ಫೈಬರ್ ಚೆನ್ನಾಗಿದೆ.

ನೀರಿನ ಮಾತು ಮಾತ್ರ ತಪ್ಪು. ಹೊರಕವಚಕ್ಕೆ ನೀರಿನಿಂದ ಏನೂ ಆಗುವುದಿಲ್ಲ ನಿಜ, ಒಳಗಿನ ಹತ್ತಿ ಒದ್ದೆಯಾದರೆ ಒಣಗುವುದಿಲ್ಲ. ಚರ್ಮ ನೆನೆದು ಬಿಳುಪಾಗಿ, ಕೊಳೆತು ವಾಸನೆ ಬರುತ್ತದೆ. ನೀರು ನಿಲ್ಲದ ವಿಶೇಷ ಒಳಪದರ ಹಾಕಿದ್ದರೆ ಮಾತ್ರ ಒದ್ದೆ ಮಾಡಬಹುದು.

ಬಿಳಿಪಟ್ಟಿ
ಫೈಬರ್ ಸುರುಳಿಗೆ ಹಿಗ್ಗುವ ಗುಣವಿದೆ. ಎಳೆದು ಸುತ್ತಿದರೆ ಆಮೇಲೆ ಕುಗ್ಗಿ ಕೈಯನ್ನು ಹಿಸುಕುತ್ತದೆ. ಹೊಸಬರು ಸುತ್ತುವಾಗ ಹಿಂದೆ ನಿಂತು ನಾನು ನೋಡುವುದು ಇದನ್ನೇ.

ತುಂತುರು
ತುರಿಕೆಗೆ ಏನು ಮಾಡಬೇಕು? ನಾನು ಹೆಣಿಗೆ ಕಡ್ಡಿ ತೂರಿಸಿ ತುರಿಸಿಕೊಳ್ಳುತ್ತಿದ್ದೆ, ಈಗಲೂ ಎಷ್ಟೋ ಜನ ಅದನ್ನೇ ಹೇಳಿಕೊಡುತ್ತಾರೆ.

ಬಿಳಿಪಟ್ಟಿ
ಯಾವ ಕಡ್ಡಿಯೂ ಬೇಡ! ಪ್ಲಾಸ್ಟರ್ ಬಿಚ್ಚಿದಾಗ ಒಳಗೆ ಪೆನ್ಸಿಲ್ ತುಂಡು, ನಾಣ್ಯ, ಕೂದಲ ಪಿನ್ನು ಸಿಕ್ಕಿದ್ದನ್ನು ನೋಡಿದ್ದೇನೆ, ಅವುಗಳ ಕೆಳಗೆ ಹುಣ್ಣನ್ನೂ. ಕೂದಲು ಒಣಗಿಸುವ ಯಂತ್ರದಿಂದ ತಣ್ಣನೆಯ ಗಾಳಿ ಬಿಡಬಹುದು, ಬಿಸಿ ಗಾಳಿ ಬೇಡ. ಪ್ಲಾಸ್ಟರ್ ಮೇಲೆ ಮೆಲ್ಲಗೆ ತಟ್ಟಿದರೂ ಕೊಂಚ ಹಾಯೆನಿಸುತ್ತದೆ. ತುರಿಕೆ ಹೋಗಿ ಒಂದೇ ಜಾಗದಲ್ಲಿ ಉರಿ, ನೋವು ಶುರುವಾದರೆ ಒಳಗೆ ಹುಣ್ಣಾಗುತ್ತಿರಬಹುದು, ತೋರಿಸಲೇಬೇಕು. ಕೆಲ ದಿನಗಳ ನಂತರ ಆ ನೋವು ತಾನಾಗಿ ನಿಂತರೆ ಗುಣವಾಯಿತೆಂದು ಕೂರಬೇಡಿ. ಆ ಜಾಗದ ಚರ್ಮವೇ ಸತ್ತಿರಬಹುದು.

ಚದುರಂಗ
ಮಗುವಿಗೆ ಎಕ್ಸ್‌ರೇಯಲ್ಲೇ ಕಂಡಿತು, ಪುಣ್ಯ. ನಾನು ಅಂಗೈ ಊರಿ ಬಿದ್ದಾಗ ಎಕ್ಸ್‌ರೇಯಲ್ಲಿ ಏನೂ ಇಲ್ಲ, ಉಳುಕು ಎಂದು ಕಳುಹಿಸಿದರು. ಹೆಬ್ಬೆರಳ ಬುಡದ ನೋವು ಹೋಗಲೇ ಇಲ್ಲ. ಬೇರೆ ಕಡೆ ತೋರಿಸಿದಾಗ ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆ ಮುರಿದಿದೆ ಎಂದು ಗೊತ್ತಾಯಿತು.

ಮೂಳೆವೈದ್ಯೆ
ಇದು ಬಹಳ ಜನರಿಗೆ ಆಗುವಂಥದ್ದು. ಹೆಬ್ಬೆರಳು ಎತ್ತಿದಾಗ ಅದರ ಬುಡದಲ್ಲಿ ಒಂದು ತಗ್ಗು ಕಾಣುತ್ತದೆ. ಬಿದ್ದ ಮೇಲೆ ಅಲ್ಲಿ ಒತ್ತಿದರೆ ನೋವಿದ್ದರೆ, ಎಕ್ಸ್‌ರೇ ಸರಿಯಿದ್ದರೂ ಮುರಿತವಿದೆ ಎಂದೇ ಭಾವಿಸಿ ಪಟ್ಟಿ ಹಾಕಿ, 10ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ ಅಥವಾ ಎಂಆರ್‌ಐ ಮಾಡಿಸಬೇಕು. ಆ ಮೂಳೆಗೆ ರಕ್ತ ಹೋಗುವುದು ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ. ನಡುವೆ ಮುರಿದರೆ ಇನ್ನೊಂದು ತುಂಡಿಗೆ ರಕ್ತವೇ ಸಿಗದೆ ಹೋಗಬಹುದು.

ಓದುಗಮಿತ್ರ
ಮಕ್ಕಳ ಕೆಲವು ಮುರಿತಗಳಿಗೆ ಪ್ಲಾಸ್ಟರ್ ಬೇಕೇ ಇಲ್ಲ ಎಂದು ಓದಿದ್ದೆ. ನಿಜವೇ ಡಾಕ್ಟರ್?

ಮೂಳೆವೈದ್ಯೆ
ಒಂದು ಬಗೆಗೆ ನಿಜ. ಮಕ್ಕಳ ಮೂಳೆ ಪೂರ್ತಿ ಮುರಿಯದೆ ಒಂದು ಬದಿ ಉಬ್ಬಿ ನಿಲ್ಲುವುದುಂಟು, ಬಕಲ್ ಮುರಿತ ಎನ್ನುತ್ತೇವೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಅಂತಹ 965 ಮಕ್ಕಳಲ್ಲಿ ಕೆಲವರಿಗೆ ಬರೀ ಬ್ಯಾಂಡೇಜ್, ಉಳಿದವರಿಗೆ ಗಟ್ಟಿ ಪಟ್ಟಿ ಕೊಟ್ಟು ನೋಡಿದರು. ಮೂರನೆಯ ದಿನದ ನೋವಿನಲ್ಲಿ ಎರಡೂ ಗುಂಪುಗಳು ಸಮವಾಗಿದ್ದವು. ಹೊಂಗೆನೆರಳು ಅವರೇ, ಇದು ನಿಮ್ಮ ಮಗಳಿಗೆ ಅನ್ವಯಿಸುವುದಿಲ್ಲ. ಅವಳ ಮೂಳೆ ಬಾಗಿ, ಎಳೆದು ಕೂರಿಸಿದ್ದಾರೆ, ಪ್ಲಾಸ್ಟರ್ ಬೇಕೇ ಬೇಕು.

ಹೊಂಗೆನೆರಳು
ಅರ್ಥವಾಯಿತು ಡಾಕ್ಟರ್. ಇನ್ನೊಂದು, ಬಿಚ್ಚುವಾಗ ಗರಗಸ ಬಳಸುತ್ತಾರೆ ಎಂದು ಅವಳ ಸ್ನೇಹಿತೆಯೊಬ್ಬಳು ಹೆದರಿಸಿಬಿಟ್ಟಿದ್ದಾಳೆ. ಕೈ ಕತ್ತರಿಸಿ ಹೋಗುತ್ತದೆ ಎಂದು ಕೂತಿದ್ದಾಳೆ.

ಬಿಳಿಪಟ್ಟಿ
ಆ ಗರಗಸದ ಅಲಗು ಸುತ್ತುವುದಿಲ್ಲ, ಇದ್ದಲ್ಲೇ ಅತ್ತಿತ್ತ ನಡುಗುತ್ತದೆ ಎಂದು ಹೇಳಿ. ಗಟ್ಟಿಯಾದದ್ದನ್ನು ಕತ್ತರಿಸುತ್ತದೆ, ಮೃದುವಾದ ಚರ್ಮ ಅದರ ಜೊತೆಗೇ ಅಲುಗುವುದರಿಂದ ಸಾಮಾನ್ಯವಾಗಿ ಕತ್ತರಿಸುವುದಿಲ್ಲ. ಅಮೆರಿಕದ ಮೂಳೆ ವೈದ್ಯ ಹೋಮರ್ ಸ್ಟ್ರೈಕರ್ 1940ರ ದಶಕದಲ್ಲಿ ರೂಪಿಸಿದ್ದು ಅದು. ಸದ್ದು ಮಾತ್ರ ಜೋರು, ಮಕ್ಕಳು ಹೆದರುವುದು ಸದ್ದಿಗೆ. ನಾನು ಕಿವಿಗೆ ಹತ್ತಿಯೋ ಹೆಡ್‌ಫೋನೋ ಕೊಡುತ್ತೇನೆ.

ನಿಮಗೆ ಹೇಳಬೇಕಾದದ್ದು ಬೇರೆ. ಅಲಗು ಕತ್ತರಿಸುತ್ತ ಬಿಸಿಯಾಗುತ್ತದೆ. ಒತ್ತಿ ಎಳೆದುಕೊಂಡು ಹೋದರೆ ಚರ್ಮ ಸುಡುತ್ತದೆ, ಒಂದು ಕಡೆ ಇಳಿಸಿ, ಎತ್ತಿ, ಮುಂದೆ ಇಳಿಸಬೇಕು. ಬಿಸಿ ತಾಗಿತು ಎಂದು ಅವಳು ಹೇಳಿದರೆ ತಕ್ಷಣ ನಿಲ್ಲಿಸಲು ಹೇಳಿ.

ಅಜ್ಜಿಮನೆ
ಇಷ್ಟೆಲ್ಲ ತಿಳಿದವರು ಇರುವಾಗ ನನ್ನದೊಂದು ಪ್ರಶ್ನೆ. ನನ್ನ ಅತ್ತೆಗೆ 70 ದಾಟಿದೆ, ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿ ಎರಡು ವಾರವಾಯಿತು. ಕೈ ಅಲುಗಿದರೆ ಮೂಳೆ ಜಾರೀತು ಎಂದು ಜೋಳಿಗೆ ಪಟ್ಟಿಯಿಂದ ಹೊರಗೇ ತೆಗೆಯುವುದಿಲ್ಲ. ಬೆರಳೂ ಆಡಿಸುವುದಿಲ್ಲ. ನೋವಿಲ್ಲ, ಆದರೆ ಬೆರಳುಗಳು ಊದಿ ಹೊಳೆಯುತ್ತಿವೆ.

ಗಟ್ಟಿಮಾತು
ವಿಶ್ರಾಂತಿ ಒಳ್ಳೆಯದೇ. ಆದರೆ ಬೆರಳು ಆಡಿಸಲೇಬೇಕು. ನನ್ನ ತಮ್ಮನಿಗೂ ಅದನ್ನೇ ಹೇಳಿದ್ದರು.

ವ್ಯಾಯಾಮಗೆಳತಿ
ಫಿಸಿಯೋಥೆರಪಿಸ್ಟ್ ಆಗಿ ಹೇಳುತ್ತೇನೆ, ಈ ವಿಷಯದಲ್ಲಿ ಗಟ್ಟಿಮಾತು ಅವರು ಸರಿ. ಆದರೆ ಊದಿ ಹೊಳೆಯುತ್ತಿವೆ ಎಂದಿರಿ, ಮೊದಲು ವೈದ್ಯರಿಗೆ ತೋರಿಸಿ, ಪ್ಲಾಸ್ಟರ್ ಬಿಗಿಯಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೆಲವರಿಗೆ ಮುರಿತದ ನಂತರ ಕೈ ಊದಿ, ಮುಟ್ಟಿದರೆ ಉರಿಯುವ ದೀರ್ಘಕಾಲದ ನೋವು ಶುರುವಾಗುತ್ತದೆ, ಅದನ್ನೂ ಬೇಗ ಗುರುತಿಸಬೇಕು.

ಅವರು ಅಡ್ಡಿಯಿಲ್ಲ ಎಂದ ಮೇಲೆ, ಎಚ್ಚರವಿರುವಾಗ ಪ್ರತಿ ಗಂಟೆಗೊಮ್ಮೆ ಬೆರಳುಗಳನ್ನು ಪೂರ್ತಿ ಚಾಚಿ ಪೂರ್ತಿ ಮಡಿಸುವಂತೆ ಮಾಡಿಸಿ. ತಾವಾಗಿ ಆಗದಿದ್ದರೆ ಇನ್ನೊಂದು ಕೈಯಿಂದ ನೆರವು ಕೊಡಲಿ. ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೂ ತಾಗಿಸಲಿ. ಮೂಳೆ ಜಾರದಂತೆ ನೋಡಿಕೊಳ್ಳುವುದು ಪ್ಲಾಸ್ಟರ್, ಬೆರಳು ಆಡಿಸಿದರೆ ಅದಕ್ಕೆ ಧಕ್ಕೆಯಿಲ್ಲ ಎಂದು ಅವರಿಗೆ ಮನದಟ್ಟು ಮಾಡಿಸಿ. ಕುಳಿತಾಗ ಕೈ ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿರಲಿ. ಜೋಳಿಗೆಯನ್ನು ದಿನವಿಡೀ ಹಾಕಿಕೊಂಡರೆ ಭುಜವೂ ಮೊಣಕೈಯೂ ಬಿಗಿದುಕೊಳ್ಳುತ್ತವೆ. ಮಣಿಕಟ್ಟು ಕೂಡಿದ ಮೇಲೆ ಭುಜ ಎತ್ತಲಾಗದೆ ನಮ್ಮಲ್ಲಿಗೆ ಬರುವ ಹಿರಿಯರು ಬಹಳ.

ಅಜ್ಜಿಮನೆ
ನಾಳೆಯೇ ತೋರಿಸುತ್ತೇನೆ. ಪ್ಲಾಸ್ಟರ್ ಮೊಣಕೈ ಕೆಳಗೆ ಮಾತ್ರ ಇದೆ. ಹಾಗಿದ್ದರೂ ಭುಜದ ವ್ಯಾಯಾಮ ಈಗಲೇ ಬೇಕೇ, ಬಿಚ್ಚಿದ ಮೇಲೆ ಸಾಲದೇ?

ವ್ಯಾಯಾಮಗೆಳತಿ
ಈಗಲೇ ಬೇಕು ಅಕ್ಕ. ದಿನಕ್ಕೆ ಮೂರು ನಾಲ್ಕು ಸಲ ಜೋಳಿಗೆ ತೆಗೆದು ಮೊಣಕೈ ಮಡಿಸಿ ಬಿಡಿಸಲಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಲಿ. ಪ್ಲಾಸ್ಟರ್ ಭಾರವೆನಿಸಿದರೆ ಮಲಗಿಕೊಂಡು ಮಾಡಲಿ, ಸುಲಭವಾಗುತ್ತದೆ. ತಲೆ ಬಾಚಿಕೊಳ್ಳುವುದೂ ಒಳ್ಳೆಯ ವ್ಯಾಯಾಮವೇ.